1972ರ ಶೆವೆಲ್ ಟ್ಯೂನಿಂಗ್: ಎಂಟು ಡಿಗ್ರಿ ಸುಳ್ಳು ಹೇಳುತ್ತಿದ್ದ ಗುರುತು

ಕಾರು 1972ರ ಶೆವರ್ಲೆ ಶೆವೆಲ್ ಮಾಲಿಬು. ಎರಡು ಬಾಗಿಲಿನದು. 350 ಕ್ಯೂಬಿಕ್ ಇಂಚಿನ, ಅಂದರೆ 5.7 ಲೀಟರಿನ ವಿ8 ಎಂಜಿನ್, ಮೂರು ಗೇರಿನ ಆಟೊಮ್ಯಾಟಿಕ್. ಹೆಸರುವಾಸಿ ಎಸ್‌ಎಸ್ ಮಾಡೆಲ್ ಅಲ್ಲ, ಸಾಮಾನ್ಯ ಮಾಲಿಬು. ನನಗೆ ಅದೇ ಬೇಕಿತ್ತು. ಅಸಲಿ ಎಸ್‌ಎಸ್ ಆಗಿದ್ದರೆ ಒಂದು ಬೋಲ್ಟ್ ಬದಲಿಸಲೂ ಕೈ ಬರುವುದಿಲ್ಲ. ಇದನ್ನು ಧೈರ್ಯವಾಗಿ ಬಿಚ್ಚಬಹುದು, ದಿನಾ ಓಡಿಸಬಹುದು.

ಹಿಂದಿನ ಮಾಲೀಕರು ಖರ್ಚಿಗೆ ಹಿಂದೆಮುಂದೆ ನೋಡಿದವರಲ್ಲ. ಎಡೆಲ್‌ಬ್ರಾಕ್ ಅಲ್ಯುಮಿನಿಯಂ ಇನ್‌ಟೇಕ್ (ಸಿಲಿಂಡರ್‌ಗಳಿಗೆ ಗಾಳಿ ಪೆಟ್ರೋಲ್ ಹಂಚುವ ಭಾಗ), ಹಾಲಿ (Holley) ಕಂಪನಿಯ 600 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 600 ಘನ ಅಡಿ ಗಾಳಿ ಬಿಡುವ, ನಾಲ್ಕು ಬ್ಯಾರೆಲ್ ಕಾರ್ಬುರೇಟರ್, ಕಂಪನಿಯದಕ್ಕಿಂತ ಸ್ವಲ್ಪ ಜೋರಾದ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್), ಹೆಡರ್ (ಎಂಜಿನ್‌ನಿಂದ ಹೊಗೆ ಒಯ್ಯುವ ಪೈಪ್‌ಗಳು), ಎರಡೂವರೆ ಇಂಚಿನ ಜೋಡಿ ಎಕ್ಸಾಸ್ಟ್, ಪ್ಲಗ್‌ಗಳಿಗೆ ಕಿಡಿ ಹಂಚುವ, ಪಾಯಿಂಟ್ ಇಲ್ಲದ ಎಚ್‌ಇಐ (ಎಲೆಕ್ಟ್ರಾನಿಕ್) ಡಿಸ್ಟ್ರಿಬ್ಯೂಟರ್. ಎಲ್ಲ ಒಳ್ಳೆಯ ಸಾಮಾನೇ. ಆದರೆ ಓಡಿಸಿದರೆ ಖುಷಿ ಇರಲಿಲ್ಲ. ಐಡ್ಲಿಂಗ್‌ನಲ್ಲಿ ಕಣ್ಣು ಉರಿಯುವಷ್ಟು ಪೆಟ್ರೋಲ್ ವಾಸನೆ. ಡ್ರೈವ್‌ಗೆ ಹಾಕಿ ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ನಡುಗಿ ನಡುಗಿ ಇನ್ನೇನು ಆಫ್ ಆಗಬೇಕು ಅನ್ನುವ ಸ್ಥಿತಿ. ಟ್ರಾಫಿಕ್‌ನಲ್ಲಿ ಸ್ವಲ್ಪ ಹೊತ್ತಿಗೇ ಮುಳ್ಳು 215 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 102 ಸೆಲ್ಸಿಯಸ್ ಮುಟ್ಟುತ್ತಿತ್ತು. ಆಕ್ಸಿಲರೇಟರ್ ತುಳಿದರೆ ಒಂದು ಕ್ಷಣ ತಡವರಿಸಿ ಆಮೇಲೆ ಎಳೆಯುತ್ತಿತ್ತು. ಮೈಲೇಜ್ ಗ್ಯಾಲನ್‌ಗೆ 10 ಮೈಲಿ. ನಮ್ಮ ಲೆಕ್ಕದಲ್ಲಿ ಲೀಟರಿಗೆ ನಾಲ್ಕು ಕಿಲೋಮೀಟರ್ ಚಿಲ್ಲರೆ.

ಇಂಥ ಲಕ್ಷಣ ನೋಡಿದವರೆಲ್ಲ ಮೊದಲು ಕೈ ಹಾಕುವುದು ಕಾರ್ಬುರೇಟರ್‌ಗೆ. ಬಾನೆಟ್ ಎತ್ತಿದರೆ ಕಣ್ಣಿಗೆ ಬೀಳುವುದೇ ಅದು. ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಬದಲಿಸು, ಸ್ಕ್ರೂ ತಿರುಗಿಸು, ಆಗದಿದ್ದರೆ ಹೊಸ ಕಾರ್ಬುರೇಟರ್ ತಗೋ. ನನ್ನ ಅಭಿಪ್ರಾಯ ಬೇರೆ. ಕಿಡಿ ಯಾವಾಗ ಹಾರುತ್ತಿದೆ ಅನ್ನುವುದು ಖಚಿತವಾಗುವ ತನಕ ಕಾರ್ಬುರೇಟರ್ ಮುಟ್ಟಲೇಬಾರದು. ಅದಕ್ಕೂ ಮೊದಲು ಎಂಜಿನ್ ಆರೋಗ್ಯವಾಗಿದೆಯಾ ನೋಡಬೇಕು.

ಆರೋಗ್ಯದ ವಿಷಯ ಬೇಗ ಮುಗಿಯಿತು. ಕಂಪ್ರೆಶನ್ ಒತ್ತಡ ಎಂಟೂ ಸಿಲಿಂಡರ್‌ಗಳಲ್ಲಿ 145ರಿಂದ 155 ಪಿಎಸ್‌ಐ ನಡುವೆ ಬಂತು. 1971ರಲ್ಲಿ ಜಿಎಂ ಕಡಿಮೆ ಸೀಸದ ಪೆಟ್ರೋಲ್‌ಗಾಗಿ ತನ್ನ ಎಂಜಿನ್‌ಗಳ ಕಂಪ್ರೆಶನ್ ಅನುಪಾತ ಇಳಿಸಿತು. ಈ 350ರದು 8.5:1. ಆ ಲೆಕ್ಕಕ್ಕೆ ಇದು ಚೆನ್ನಾಗಿಯೇ ಇದೆ. ಪ್ಲಗ್‌ಗಳು ಮಸಿ ಹಿಡಿದು ಕಪ್ಪಾಗಿದ್ದವು. ಒಂದು ಪ್ಲಗ್ ವೈರ್ ಹೆಡರ್‌ಗೆ ತಾಗಿ ಕರಗಿತ್ತು. ವೈರ್ ಪೂರ್ತಿ ಸೆಟ್ ಬದಲಿಸಿದೆ. ಇಲ್ಲೊಂದು ಗಮನಿಸಬೇಕಾದ ಸಂಗತಿ ಇದೆ. ಈ 350 ಸೇರಿರುವ ಶೆವರ್ಲೆ ಸ್ಮಾಲ್ ಬ್ಲಾಕ್ ಎಂಜಿನ್ ಕುಟುಂಬದ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-8-4-3-6-5-7-2. ಇದರಲ್ಲಿ 5 ಮತ್ತು 7 ಒಂದರ ಹಿಂದೆ ಒಂದು ಉರಿಯುತ್ತವೆ. ಎಂಜಿನ್‌ನಲ್ಲಿ ಅವು ಪಕ್ಕಪಕ್ಕದಲ್ಲೇ ಇವೆ, ಡ್ರೈವರ್ ಕಡೆಯ ಸಾಲಿನ ಕೊನೆಯಲ್ಲಿ. ಆ ಎರಡು ವೈರ್‌ಗಳನ್ನು ಅಂಟಿಸಿಕೊಂಡಂತೆ ಎಳೆದರೆ 5ರ ಕಿಡಿ 7ರ ವೈರಿಗೂ ಹಾರುವ ಸಾಧ್ಯತೆ ಇದೆ. 7ನೇ ಸಿಲಿಂಡರ್ ಆಗ ಇನ್ನೂ ಮೇಲೆ ಬರುತ್ತಿರುತ್ತದೆ. ಪಿಸ್ಟನ್‌ಗೆ ಪೆಟ್ಟು. ಹಾಗಾಗಿ ಅವೆರಡನ್ನೂ ಹೋಲ್ಡರ್ ಹಾಕಿ ದೂರ ದೂರ ಇಟ್ಟೆ.

ಈಗ ಕಿಡಿ. ಟೈಮಿಂಗ್ ಲೈಟ್ ಹಿಡಿದರೆ ಐಡ್ಲಿಂಗ್‌ನಲ್ಲಿ 10 ಡಿಗ್ರಿ ಕಾಣಿಸಿತು, ಅಂದರೆ ಪಿಸ್ಟನ್ ತುದಿ ಮುಟ್ಟಲು ಕ್ರ್ಯಾಂಕ್ ಇನ್ನೂ 10 ಡಿಗ್ರಿ ತಿರುಗಬೇಕಿರುವಾಗ ಕಿಡಿ. ಪುಸ್ತಕದ ಪ್ರಕಾರ ತಪ್ಪೇನಿಲ್ಲ. ಆದರೆ ಡಿಸ್ಟ್ರಿಬ್ಯೂಟರನ್ನು ಕೈಯಲ್ಲಿ ಸ್ವಲ್ಪ ಮುಂದಕ್ಕೆ ತಿರುಗಿಸಿದಷ್ಟೂ ಎಂಜಿನ್ ಖುಷಿಯಾಗುತ್ತಿತ್ತು. ಆರ್‌ಪಿಎಂ ಏರುತ್ತದೆ, ನಡುಕ ಕಡಿಮೆಯಾಗುತ್ತದೆ. 10 ಡಿಗ್ರಿ ನಿಜವಾದ 10 ಆಗಿದ್ದರೆ ಇಷ್ಟು ಹಸಿವು ಇರಬಾರದು. ಅಲ್ಲಿಗೆ ಅನುಮಾನ ಡ್ಯಾಂಪರ್ ಮೇಲೆ ಬಿತ್ತು.

ಕ್ರ್ಯಾಂಕ್‌ನ ಮುಂತುದಿಯಲ್ಲಿ ಕೂತು ಅದರ ನಡುಕ ತಡೆಯುವ ಡ್ಯಾಂಪರ್ ಒಂದೇ ತುಂಡಲ್ಲ. ನಡುವೆ ಒಂದು ಹಬ್, ಸುತ್ತ ಭಾರದ ಉಂಗುರ, ಎರಡರ ಮಧ್ಯೆ ರಬ್ಬರ್ ಪಟ್ಟಿ. ಟೈಮಿಂಗ್ ಗೆರೆ ಇರುವುದು ಹೊರಗಿನ ಉಂಗುರದ ಮೇಲೆ. ಐವತ್ತು ವರ್ಷದಲ್ಲಿ ರಬ್ಬರ್ ಬಲ ಕಳೆದುಕೊಂಡು ಉಂಗುರ ಸರಿದರೆ ಗೆರೆಯೂ ಅದರ ಜೊತೆ ಸರಿಯುತ್ತದೆ. ಟೈಮಿಂಗ್ ಲೈಟ್ ಪಾಪ ಆ ಗೆರೆಯನ್ನೇ ತೋರಿಸುತ್ತದೆ.

ಪರೀಕ್ಷೆ ಸುಲಭ. ಬ್ಯಾಟರಿ ವೈರ್ ತೆಗೆಯಬೇಕು. ಎಲ್ಲ ಪ್ಲಗ್ ಬಿಚ್ಚಬೇಕು, ಆಗ ಎಂಜಿನ್ ಕೈಯಲ್ಲೇ ಹಗುರವಾಗಿ ತಿರುಗುತ್ತದೆ. ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ ಹಾಕಬೇಕು. ಕ್ರ್ಯಾಂಕ್ ಬೋಲ್ಟ್‌ಗೆ ಪಾನಾ ಹಾಕಿ ನಿಧಾನವಾಗಿ ಒಂದು ದಿಕ್ಕಿಗೆ ತಿರುಗಿಸಿದರೆ ಪಿಸ್ಟನ್ ಬಂದು ತಾಗಿ ನಿಲ್ಲುತ್ತದೆ. ಅಲ್ಲೊಂದು ಗುರುತು. ವಾಪಸ್ ಇನ್ನೊಂದು ದಿಕ್ಕಿಗೆ ತಿರುಗಿಸಿ, ತಾಗಿದಲ್ಲಿ ಇನ್ನೊಂದು ಗುರುತು. ಎರಡರ ಸರಿ ಮಧ್ಯವೇ ಪಿಸ್ಟನ್ ತುತ್ತತುದಿಯಲ್ಲಿರುವ ಜಾಗ, ಅಂದರೆ ನಿಜವಾದ ಸೊನ್ನೆ. ಸ್ಟಾರ್ಟರ್ ಬಳಸಿ ಇದನ್ನು ಮಾಡಬಾರದು, ಪಿಸ್ಟನ್ ತೂತಾಗುತ್ತದೆ.

ಈ ಡ್ಯಾಂಪರ್ ಆರೂಮುಕ್ಕಾಲು ಇಂಚು ವ್ಯಾಸದ್ದು. ಅಂಚಿನಲ್ಲಿ ಒಂದು ಡಿಗ್ರಿ ಅಂದರೆ ಸುಮಾರು ಒಂದೂವರೆ ಮಿಲಿಮೀಟರ್. ನನ್ನ ಗುರುತಿಗೂ ಹಳೆಯ ಗೆರೆಗೂ ನಡುವೆ 12 ಮಿಲಿಮೀಟರ್ ಇತ್ತು. ಎಂಟು ಡಿಗ್ರಿ! ಲೈಟ್ 10 ತೋರಿಸುವಾಗ ಎಂಜಿನ್ ನಿಜವಾಗಿ 2 ಡಿಗ್ರಿಯಲ್ಲಿ ಓಡುತ್ತಿತ್ತು.

ಇಷ್ಟು ಗೊತ್ತಾದ ಮೇಲೆ ಉಳಿದ ರೋಗಗಳೆಲ್ಲ ತಾವೇ ಅರ್ಥವಾದವು. ಕಿಡಿ ತಡವಾದರೆ ಪೆಟ್ರೋಲ್ ಉರಿಯುವುದೂ ತಡ. ಎಕ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತಿಗೂ ಉರಿ ಮುಗಿದಿರುವುದಿಲ್ಲ. ಆ ಶಾಖ ಪಿಸ್ಟನ್ ತಳ್ಳುವ ಬದಲು ಹೆಡ್‌ಗೆ, ನೀರಿಗೆ ಹೋಗುತ್ತದೆ. ಕಾರು ಬಿಸಿ. ಎಂಜಿನ್‌ಗೆ ಬಲ ಸಾಲದ್ದರಿಂದ ಐಡ್ಲಿಂಗ್ ನಿಲ್ಲಿಸಲು ಯಾರೋ ಥ್ರಾಟಲ್ ಸ್ಕ್ರೂ ಜಾಸ್ತಿ ತಿರುಗಿಸಿದ್ದಾರೆ. ಥ್ರಾಟಲ್ ಹೆಚ್ಚು ತೆರೆದರೆ ಕಾರ್ಬುರೇಟರ್ ಗೋಡೆಯಲ್ಲಿರುವ ಟ್ರಾನ್ಸ್‌ಫರ್ ಸ್ಲಾಟ್ ಎಂಬ ಸೀಳು ಪೂರ್ತಿ ಬಯಲಾಗಿ ಅಲ್ಲಿಂದ ಪೆಟ್ರೋಲ್ ಸುರಿಯುತ್ತದೆ. ಐಡ್ಲಿಂಗ್ ಮಿಕ್ಸ್ಚರ್ ಸ್ಕ್ರೂ ಏನು ತಿರುಗಿಸಿದರೂ ಪ್ರಯೋಜನ ಇಲ್ಲ. ಜೊತೆಗೆ ವ್ಯಾಕ್ಯೂಮ್, ಅಂದರೆ ಇನ್‌ಟೇಕ್‌ನೊಳಗೆ ಎಂಜಿನ್ ಹೀರುವ ಸೆಳೆತ, ಕುಸಿದಿದೆ. ಅದನ್ನು ಅಳೆಯುವುದು ಪಾದರಸದ ಇಂಚುಗಳಲ್ಲಿ. ಡ್ರೈವ್‌ನಲ್ಲಿ ಮುಳ್ಳು 7 ಇಂಚಿನ ಆಸುಪಾಸು ಕುಣಿಯುತ್ತಿತ್ತು. ಹಾಲಿಯ ಪವರ್ ವಾಲ್ವ್ ವ್ಯಾಕ್ಯೂಮ್ 6.5 ಇಂಚಿಗೆ ಇಳಿದರೆ ತೆರೆದುಕೊಂಡು ಹೆಚ್ಚುವರಿ ಪೆಟ್ರೋಲ್ ಕೊಡುತ್ತದೆ. ಪೂರ್ತಿ ತುಳಿದಾಗ ಮಾತ್ರ ಮಾಡಬೇಕಾದ ಕೆಲಸವನ್ನು ಅದು ಸಿಗ್ನಲ್‌ನಲ್ಲಿ ನಿಂತಾಗಲೂ ಆಗಾಗ ಮಾಡುತ್ತಿತ್ತು. ಕಣ್ಣು ಉರಿಯದೆ ಇನ್ನೇನು?

ಸುತ್ತಲೂ ಡಿಗ್ರಿ ಕೆತ್ತಿದ ಹೊಸ ಡ್ಯಾಂಪರ್ ತರಿಸಿದೆ. ಹಳೆಯದನ್ನು ತೆಗೆಯುವಾಗ ಪುಲ್ಲರ್‌ನ ಮೂರು ಬೋಲ್ಟುಗಳು ಹಬ್‌ಗೇ ಹೋಗಬೇಕು, ಹೊರ ಉಂಗುರ ಹಿಡಿದು ಎಳೆಯಬಾರದು. ಹೊಸದನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುವವರನ್ನು ನೋಡಿದ್ದೇನೆ. ಆ ಪೆಟ್ಟು ನೇರ ಥ್ರಸ್ಟ್ ಬೇರಿಂಗ್‌ಗೆ ಹೋಗುತ್ತದೆ. ಸ್ಕ್ರೂನಿಂದ ಎಳೆದು ಕೂರಿಸುವ ಟೂಲ್ ಬಾಡಿಗೆಗೆ ಸಿಗುತ್ತದೆ, ಅದನ್ನೇ ಬಳಸಿ. ಟೈಮಿಂಗ್ ಟ್ಯಾಬ್, ಅಂದರೆ ಡ್ಯಾಂಪರ್ ಗೆರೆಯನ್ನು ಹೋಲಿಸಿ ಓದುವ ಅಲುಗದ ಪಟ್ಟಿ, ಡ್ಯಾಂಪರ್‌ಗೆ ಜೊತೆಯಾಗಿರಬೇಕು. ಈ ಎಂಜಿನ್‌ಗಳಲ್ಲಿ ಟ್ಯಾಬ್ ಬೇರೆ ಬೇರೆ ಜಾಗದಲ್ಲಿ ಬಂದಿದೆ. ಹಾಗಾಗಿ ಹೊಸದು ಕೂರಿಸಿದ ಮೇಲೂ ಪಿಸ್ಟನ್ ಸ್ಟಾಪ್ ಹಾಕಿ ಸೊನ್ನೆ ಇನ್ನೊಮ್ಮೆ ನೋಡಿಕೊಂಡೆ.

ಟೈಮಿಂಗ್ ಅಂದರೆ ಒಂದೇ ಸಂಖ್ಯೆ ಅಲ್ಲ, ಮೂರು ಸೇರಿದ್ದು. ಡಿಸ್ಟ್ರಿಬ್ಯೂಟರ್ ಕೂರಿಸಿದ ಕೋನ ಒಂದು. ಆರ್‌ಪಿಎಂ ಏರಿದಂತೆ ಒಳಗಿನ ತೂಕಗಳು ಹೊರಕ್ಕೆ ಹಾರಿ ಕೊಡುವ ಮುಂಗಡ, ಅಂದರೆ ಕಿಡಿಯನ್ನು ಇನ್ನಷ್ಟು ಬೇಗ ಹಾರಿಸುವುದು, ಎರಡನೆಯದು. ವ್ಯಾಕ್ಯೂಮ್ ಡಬ್ಬಿ ಕೊಡುವುದು ಮೂರನೆಯದು. ಅಂಬಾಸಿಡರ್, ಪದ್ಮಿನಿ ರಿಪೇರಿ ಮಾಡಿ ಪಳಗಿದ ನಮ್ಮ ಊರಿನ ಹಿರಿಯ ಮೆಕ್ಯಾನಿಕ್‌ಗಳಿಗೆ ಇದರಲ್ಲಿ ಹೊಸದೇನಿಲ್ಲ.

ನಾನು ಇಟ್ಟದ್ದು ಹೀಗೆ. ಐಡ್ಲಿಂಗ್‌ನಲ್ಲಿ 14 ಡಿಗ್ರಿ. ತೂಕಗಳಿಂದ 20. ಒಟ್ಟು 34, ಅದೂ 2,800 ಆರ್‌ಪಿಎಂ ಒಳಗೆ ಪೂರ್ತಿ ಬರಬೇಕು. ಮೊದಲು ಇದ್ದ ಸ್ಪ್ರಿಂಗ್ ಗಟ್ಟಿ, 4,000 ದಾಟಿದರೂ ಮುಂಗಡ ಪೂರ್ತಿ ಬರುತ್ತಿರಲಿಲ್ಲ. ರೋಟರ್ ಕೆಳಗಿನ ಎರಡು ಸ್ಪ್ರಿಂಗ್‌ಗಳಲ್ಲಿ ಒಂದನ್ನು ಮೆತ್ತನೆಯದಕ್ಕೆ ಬದಲಿಸಿದರೆ ಸಾಕಾಯಿತು. ಎರಡೂ ತೀರಾ ಮೆತ್ತಗಾದರೆ ಐಡ್ಲಿಂಗ್‌ನಲ್ಲೇ ಮುಂಗಡ ಶುರುವಾಗಿ ಗೆರೆ ಅಲೆದಾಡುತ್ತದೆ.

ವ್ಯಾಕ್ಯೂಮ್ ಡಬ್ಬಿಯ ಪೈಪ್ ಕಿತ್ತು, ತೂತಿಗೆ ರಬ್ಬರ್ ಟೋಪಿ ಹಾಕಿದ್ದರು. ರೇಸ್ ಕಾರಿಗೆ ಅದು ಬೇಡ, ನಿಜ. ರೇಸ್ ಕಾರು ಪೂರ್ತಿ ತುಳಿದೇ ಓಡುತ್ತದೆ, ಅಲ್ಲಿ ವ್ಯಾಕ್ಯೂಮ್ ಇರುವುದಿಲ್ಲ. ರಸ್ತೆಯ ಕಾರು ಆಯುಷ್ಯದ ಬಹುಪಾಲು ಅರ್ಧಂಬರ್ಧ ಥ್ರಾಟಲ್‌ನಲ್ಲಿ ಕಳೆಯುತ್ತದೆ. ಆಗ ಸಿಲಿಂಡರಿನಲ್ಲಿ ಗಾಳಿ ಪೆಟ್ರೋಲ್ ಎರಡೂ ತೆಳು. ತೆಳು ಮಿಶ್ರಣ ನಿಧಾನವಾಗಿ ಉರಿಯುತ್ತದೆ, ಅದಕ್ಕೆ ಕಿಡಿ ಇನ್ನೂ ಬೇಗ ಬೇಕು. ಅದನ್ನು ಕೊಡುವುದೇ ಈ ಡಬ್ಬಿ. ಹೆಚ್ಚೆಂದರೆ 12 ಡಿಗ್ರಿ ಕೊಡುವ ಹಾಗೆ ಮಿತಿ ಹಾಕಿ, ನೇರ ಮ್ಯಾನಿಫೋಲ್ಡ್ ವ್ಯಾಕ್ಯೂಮ್‌ಗೆ ಜೋಡಿಸಿದೆ. ಐಡ್ಲಿಂಗ್‌ನಲ್ಲಿ ಈಗ 26 ಡಿಗ್ರಿ, ಹೈವೇಯಲ್ಲಿ ಹಗುರವಾಗಿ ಓಡುವಾಗ 46. ಡ್ರೈವ್‌ನಲ್ಲಿ ವ್ಯಾಕ್ಯೂಮ್ 14 ಇಂಚಿಗೆ ಏರಿ, ಮುಳ್ಳು ಅಲುಗಾಡದೆ ನಿಂತಿತು. ಟ್ರಾಫಿಕ್‌ನಲ್ಲಿ ನೀರಿನ ಬಿಸಿ 195 ಫ್ಯಾರನ್‌ಹೀಟ್ ದಾಟಲಿಲ್ಲ. ರೇಡಿಯೇಟರ್ ಮುಟ್ಟಿಯೇ ಇರಲಿಲ್ಲ! ವ್ಯಾಕ್ಯೂಮ್ ಬಂದದ್ದರಿಂದ ಬ್ರೇಕ್ ಬೂಸ್ಟರ್ ಕೂಡ ಸರಿಯಾಗಿ ಕೆಲಸ ಮಾಡತೊಡಗಿತು.

ಈ ಕೆಲಸಕ್ಕೆ ನಾನಿರುವ ಅಮೆರಿಕದ ಡೆಟ್ರಾಯಿಟ್ ಸುತ್ತಮುತ್ತ ದೊಡ್ಡ ಪರಂಪರೆಯೇ ಇದೆ. 1964ರಲ್ಲಿ ಪಾಂಟಿಯಾಕ್ ಕಂಪನಿ ಮಧ್ಯಮ ಗಾತ್ರದ ಕಾರಿಗೆ 389 ಕ್ಯೂಬಿಕ್ ಇಂಚಿನ ಎಂಜಿನ್ ಇಟ್ಟು ಜಿಟಿಒ ತಂದಿತು. ಮಸಲ್ ಕಾರ್ ಕಾಲ ಜೋರಾಗಿ ಶುರುವಾದದ್ದು ಅಲ್ಲಿಂದ. ಇಲ್ಲಿಯ ರಾಯಲ್ ಓಕ್ ಊರಿನಲ್ಲಿದ್ದ ರಾಯಲ್ ಪಾಂಟಿಯಾಕ್ ಡೀಲರ್‌ಶಿಪ್ ಆ ಕಾರುಗಳಿಗೆ ಬಾಬ್‌ಕ್ಯಾಟ್ ಎಂಬ ಪ್ಯಾಕೇಜ್ ಮಾಡಿಕೊಡುತ್ತಿತ್ತು. ಅದರಲ್ಲಿ ಇದ್ದದ್ದೇನು? ತೆಳು ಹೆಡ್ ಗ್ಯಾಸ್ಕೆಟ್, ಬೇರೆ ಜೆಟ್, ಡಿಸ್ಟ್ರಿಬ್ಯೂಟರ್ ಮುಂಗಡದ ತಿದ್ದುಪಡಿ, ಇನ್‌ಟೇಕ್‌ಗೆ ಎಕ್ಸಾಸ್ಟ್ ಬಿಸಿ ಹೋಗದಂತೆ ತಡೆಯುವ ಗ್ಯಾಸ್ಕೆಟ್. ಹೊಸ ಎಂಜಿನ್ ಅಲ್ಲ, ದೊಡ್ಡ ಕಾರ್ಬುರೇಟರ್ ಅಲ್ಲ. ಕಂಪನಿ ಬಿಟ್ಟುಹೋಗಿದ್ದ ಶಕ್ತಿಯನ್ನು ಹೊರತೆಗೆಯುವ ಕೆಲಸ ಅಷ್ಟೆ. ಆ ಪಟ್ಟಿ ಓದಿದಾಗಲೆಲ್ಲ ನನಗೆ ಅವರ ಮೇಲೆ ಗೌರವ ಹೆಚ್ಚಾಗುತ್ತದೆ.

ಕಿಡಿ ಸರಿಯಾದ ಮೇಲೆ ಕಾರ್ಬುರೇಟರ್. ಅದನ್ನು ಬಿಚ್ಚಿ ತಲೆಕೆಳಗು ಮಾಡಿ, ಟ್ರಾನ್ಸ್‌ಫರ್ ಸ್ಲಾಟ್ ಪುಟ್ಟ ಚೌಕದಷ್ಟೇ ಕಾಣುವ ಹಾಗೆ ಥ್ರಾಟಲ್ ಸ್ಕ್ರೂ ಹಿಂದಕ್ಕೆ ತಂದೆ. ಮತ್ತೆ ಕೂರಿಸಿ ಸ್ಟಾರ್ಟ್ ಮಾಡಿದರೆ ಮಿಕ್ಸ್ಚರ್ ಸ್ಕ್ರೂಗಳು ಮಾತು ಕೇಳತೊಡಗಿದವು. ಎರಡನ್ನೂ ಸಮವಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಿ, ವ್ಯಾಕ್ಯೂಮ್ ಎಲ್ಲಿ ಹೆಚ್ಚು ಬರುತ್ತದೋ ಅಲ್ಲಿ ಬಿಟ್ಟೆ. ಡ್ರೈವ್‌ನಲ್ಲಿ ಐಡ್ಲಿಂಗ್ 750. ಪವರ್ ವಾಲ್ವ್‌ಗೆ ರೂಢಿಯ ಲೆಕ್ಕ, ಐಡ್ಲಿಂಗ್ ವ್ಯಾಕ್ಯೂಮ್‌ನ ಅರ್ಧ. 14ರ ಅರ್ಧ 7. ಇದ್ದ 6.5ರ ವಾಲ್ವೇ ಸರಿಹೋಯಿತು.

ತುಳಿದಾಗ ತಡವರಿಸುತ್ತಿದ್ದುದಕ್ಕೆ ಕಾರಣ ಆಕ್ಸಿಲರೇಟರ್ ಪಂಪಿನ ಲಿವರ್‌ನಲ್ಲಿದ್ದ ಸಡಿಲ. ಥ್ರಾಟಲ್ ಅಲುಗಿದ ಕೂಡಲೇ ಪೆಟ್ರೋಲ್ ಚಿಮ್ಮಬೇಕು. ಸಡಿಲ ತೆಗೆದೆ. ಪೂರ್ತಿ ತುಳಿದಾಗ ಲಿವರ್ ಗಟ್ಟಿಯಾಗಿ ತಾಗಿ ಡಯಾಫ್ರಾಮ್ ಹರಿಯಬಾರದು, ಅಲ್ಲಿ 15 ಥೌ, ಅಂದರೆ ಇಂಚಿನ ಸಾವಿರ ಪಾಲಿನಲ್ಲಿ 15, ಅಂತರ ಬಿಟ್ಟೆ. ಹಿಂದಿನ ಎರಡು ಬ್ಯಾರೆಲ್‌ಗಳು ವ್ಯಾಕ್ಯೂಮ್‌ನಿಂದ ತೆರೆಯುವಂಥವು. ಅವು ಎಷ್ಟು ತೆರೆಯುತ್ತಿವೆ ಎಂದು ನೋಡಲು ಒಂದು ಹಳೆಯ ಉಪಾಯ ಇದೆ. ಡಯಾಫ್ರಾಮ್ ಕಡ್ಡಿಗೆ ಪೇಪರ್ ಕ್ಲಿಪ್ ಸಿಕ್ಕಿಸಿ ಓಡಿಸಿ ಬನ್ನಿ. ಕ್ಲಿಪ್ ಎಲ್ಲಿಗೆ ಸರಿದಿದೆಯೋ ಅಷ್ಟು ತೆರೆದಿದೆ. ನಮ್ಮದು ಅರ್ಧವೂ ತೆರೆದಿರಲಿಲ್ಲ. ಒಳಗೆ ಇದ್ದದ್ದು ಕಪ್ಪು ಸ್ಪ್ರಿಂಗ್, ಎಲ್ಲಕ್ಕಿಂತ ಗಟ್ಟಿಯಾದದ್ದು. ನೇರಳೆ ಬಣ್ಣದ್ದು ಹಾಕಿದೆ. ಈಗ ತಡೆಯಿಲ್ಲದೆ ತೆರೆಯುತ್ತದೆ.

ಜೆಟ್ ವಿಷಯದಲ್ಲಿ ಊಹೆ ಬೇಡ ಎಂದು, ಎಕ್ಸಾಸ್ಟ್ ನೋಡಿ ಗಾಳಿ ಪೆಟ್ರೋಲ್ ಪ್ರಮಾಣ ಮೀಟರಿನಲ್ಲಿ ತೋರಿಸುವ ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರ್ ಹಾಕಿಸಿದೆ. ಸೆನ್ಸರ್ ಪೈಪಿನ ಮೇಲ್ಭಾಗದಲ್ಲಿ ಓರೆಯಾಗಿ ಕೂರಬೇಕು, ಕೆಳಗೆ ಕೂರಿಸಿದರೆ ಹಬೆಯ ನೀರು ನಿಂತು ಹಾಳಾಗುತ್ತದೆ. ಅದರ ಮುಂದೆ ಹೆಡರ್ ಗ್ಯಾಸ್ಕೆಟ್ ಲೀಕ್ ಇದ್ದರೆ ಹೊರಗಿನ ಗಾಳಿ ಸೇರಿ ಸುಮ್ನೆ ಮಿಶ್ರಣ ತೆಳು, ಅಂದರೆ ಪೆಟ್ರೋಲ್ ಕಡಿಮೆ, ಎಂದು ತೋರಿಸುತ್ತದೆ. ಇನ್ನೊಂದು ಸಂಗತಿ ಊರಿನಲ್ಲಿ ಹಳೆಯ ಕಾರು, ಬೈಕ್ ಇಟ್ಟುಕೊಂಡವರಿಗೂ ಬೇಕಾದದ್ದು. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಇಲ್ಲಿ ಸಿಗುವ ಶೇ 10 ಎಥನಾಲ್ ಬೆರೆತ ಪೆಟ್ರೋಲ್‌ಗೆ ಸುಮಾರು 14.1 ಸಾಕು. ಭಾರತದ ಇ20ಗೆ ಇನ್ನೂ ಕಡಿಮೆ, ಸುಮಾರು 13.5. ಅಂದರೆ ಹಳೆಯ ಜೆಟ್‌ನಲ್ಲೇ ಎಥನಾಲ್ ಪೆಟ್ರೋಲ್ ಹಾಕಿದರೆ ಗಾಡಿ ತಾನಾಗಿಯೇ ತೆಳುವಾಗುತ್ತದೆ. ಮೀಟರ್ ಮಾತ್ರ ಯಾವ ಪೆಟ್ರೋಲ್ ಇದ್ದರೂ ಸಮ ಬಿಂದುವನ್ನು, ಅಂದರೆ ಪೂರ್ತಿ ಉರಿಯಲು ಸರಿಯಾಗಿ ಸಾಲುವ ಪ್ರಮಾಣವನ್ನು, 14.7 ಎಂದೇ ತೋರಿಸುತ್ತದೆ. ಹಾಗಾಗಿ ಮೀಟರಿನ ಸಂಖ್ಯೆ ಎಷ್ಟು ಸರಿ ಅಂತ ತಲೆಕೆಡಿಸಿಕೊಳ್ಳಬೇಕಿಲ್ಲ, ಅದು ಸಮಕ್ಕಿಂತ ಎಷ್ಟು ಆಚೀಚೆ ಇದೆ ಅನ್ನುವುದನ್ನು ನೋಡಿದರೆ ಆಯಿತು.

ಓಡಿಸಿ ನೋಡಲು ವುಡ್‌ವರ್ಡ್ ಅವೆನ್ಯೂಗಿಂತ ಒಳ್ಳೆಯ ರಸ್ತೆ ಸಿಗುವುದಿಲ್ಲ. ಡೆಟ್ರಾಯಿಟ್‌ನಿಂದ ಪಾಂಟಿಯಾಕ್ ಊರಿಗೆ ಹೋಗುವ ಅಗಲ ರಸ್ತೆ. 1909ರಲ್ಲಿ ಇದೇ ವುಡ್‌ವರ್ಡ್‌ನ ಒಂದು ಮೈಲಿಗೆ ಕಾಂಕ್ರೀಟ್ ಹಾಕಿದ್ದರು, ಆ ಕಾಲಕ್ಕೆ ಅದೇ ದೊಡ್ಡ ಸುದ್ದಿ. 1995ರಿಂದ ಆಗಸ್ಟ್ ತಿಂಗಳಲ್ಲಿ ಹಳೆಯ ಕಾರುಗಳ ವುಡ್‌ವರ್ಡ್ ಡ್ರೀಮ್ ಕ್ರೂಸ್ ನಡೆಯುವುದೂ ಇಲ್ಲೇ. ಟ್ಯೂನಿಂಗ್ ಮಾಡುವವರಿಗೆ ಈ ರಸ್ತೆಯ ಗುಣ ಬೇರೆ. ಸಿಗ್ನಲ್ ಮೇಲೆ ಸಿಗ್ನಲ್. ಎಡಕ್ಕೆ ನೇರ ತಿರುಗುವ ಹಾಗಿಲ್ಲ, ಮುಂದೆ ಹೋಗಿ ಮೀಡಿಯನ್‌ನಲ್ಲಿ ಯು ಟರ್ನ್ ಹೊಡೆದು ಬರಬೇಕು. ನಿಲ್ಲು, ಹೊರಡು, ತಿರುಗು, ಒಂದಿಷ್ಟು ದೂರ 45 ಮೈಲಿ ವೇಗದಲ್ಲಿ ಹೋಗು. ಕಾರಿನ ಎಲ್ಲ ದೋಷವೂ ಅರ್ಧ ಗಂಟೆಯಲ್ಲಿ ಬಯಲಾಗುತ್ತದೆ.

ನಾನು ಓಡಿಸುವಾಗ ಮೀಟರ್ ನೋಡುವುದಿಲ್ಲ. ಅದು ಪಕ್ಕದ ಸೀಟಿನವರ ಕೆಲಸ. ಶಿವಮೊಗ್ಗದ ಗೆಳೆಯನೊಬ್ಬ ನೋಟ್ ಪುಸ್ತಕ ಹಿಡಿದು ಕೂತ.

"ಗುರು, 45ರಲ್ಲಿ 15.6 ತೋರಿಸ್ತಾ ಇದೆ. ಜರ್ಕ್ ಹೊಡೀತಿದೆ ನೋಡು."

"ಗೊತ್ತಾಗ್ತಿದೆ. ಸ್ವಲ್ಪ ಜಾಸ್ತಿ ಕೊಡ್ತೀನಿ, ನೋಡ್ತಾ ಇರು."

"13ಕ್ಕೆ ಇಳೀತು. ಈಗ ಸ್ಮೂತು."

ಅಲ್ಲಿಗೆ ಉತ್ತರ ಸಿಕ್ಕಿತು. ಪವರ್ ವಾಲ್ವ್ ತೆರೆದಾಗ ಚೆನ್ನಾಗಿದೆ, ಮುಚ್ಚಿದಾಗ ತೆಳು. ಮುಂದಿನ ಮೇನ್ ಜೆಟ್ ಮಾತ್ರ ಸಣ್ಣದು ಎಂದರ್ಥ. ಜೆಟ್ ನಂಬರ್ 66ರಿಂದ 68ಕ್ಕೆ ಬದಲಿಸಿದೆ. 45ರಲ್ಲಿ ಮೀಟರ್ 14.3ಕ್ಕೆ ಬಂತು, ಜರ್ಕ್ ಹೋಯಿತು. ಪೂರ್ತಿ ತುಳಿಯುವ ಪರೀಕ್ಷೆ ರಸ್ತೆಯಲ್ಲಿ ಮಾಡಲಿಲ್ಲ. ವುಡ್‌ವರ್ಡ್‌ನಲ್ಲಿ ಜನ ಮಕ್ಕಳನ್ನು ಕರೆದುಕೊಂಡು ರಸ್ತೆ ದಾಟುತ್ತಿರುತ್ತಾರೆ, ಅಲ್ಲಿ ರೇಸ್ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಗಂಟೆ ಲೆಕ್ಕದಲ್ಲಿ ಡೈನೊ, ಅಂದರೆ ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ, ಬಾಡಿಗೆಗೆ ಸಿಗುತ್ತದೆ. ಅಲ್ಲಿ ಪೂರ್ತಿ ತುಳಿದಾಗ ಮೀಟರ್ 12.6ಕ್ಕೆ ಬಂತು, ಚಕ್ರದಲ್ಲಿ 226 ಹಾರ್ಸ್‌ಪವರ್. ಬೇಸಿಗೆಯ ಮಧ್ಯಾಹ್ನ 87 ಆಕ್ಟೇನ್ ಪೆಟ್ರೋಲ್‌ನಲ್ಲಿ ಸಣ್ಣಗೆ ನಾಕಿಂಗ್ ಕೇಳಿಸಿತು, 89 ಹಾಕಿದರೆ ಇಲ್ಲ. ಇಲ್ಲಿಯ ಪಂಪಿನ ಸಂಖ್ಯೆಯನ್ನು ನಮ್ಮ ಊರಿನದರ ಜೊತೆ ನೇರ ಹೋಲಿಸಬೇಡಿ, ಲೆಕ್ಕ ಹಾಕುವ ವಿಧಾನ ಬೇರೆ. ಇಲ್ಲಿಯ 87 ಅಂದರೆ ಅಲ್ಲಿಯ 91ರ ಹತ್ತಿರ.

ಉಳಿದದ್ದು ಶಾಖದ ಸಮಸ್ಯೆ. ಓಡಿಸಿ ಬಂದು ಕಾಲು ಗಂಟೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಒದ್ದಾಟ. ಎಂಜಿನ್ ನಿಂತ ಮೇಲೆ ಇನ್‌ಟೇಕ್‌ನ ಬಿಸಿಗೆ ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲ್, ಒಲೆ ಮೇಲಿಟ್ಟ ಹಾಲಿನ ಹಾಗೆ ಉಕ್ಕಿ ಒಳಗೆ ಚೆಲ್ಲುತ್ತದೆ. ಬಾಬ್‌ಕ್ಯಾಟ್ ಪಟ್ಟಿಯ ಉಪಾಯವನ್ನೇ ಮಾಡಿದೆ. ಎಕ್ಸಾಸ್ಟ್ ದಾರಿ ಮುಚ್ಚುವ ಇನ್‌ಟೇಕ್ ಗ್ಯಾಸ್ಕೆಟ್ ಹಾಕಿ, ಕಾರ್ಬುರೇಟರ್ ಕೆಳಗೆ ಶಾಖ ತಡೆಯುವ ಅರ್ಧ ಇಂಚಿನ ಫೀನಾಲಿಕ್ (ಗಟ್ಟಿ ಪ್ಲಾಸ್ಟಿಕ್) ಸ್ಪೇಸರ್ ಇಟ್ಟೆ. ಪೆಟ್ರೋಲ್ ಪೈಪನ್ನು ಹೆಡರ್‌ನಿಂದ ದೂರ ಎಳೆದೆ. ಸ್ಪೇಸರ್ ಹಾಕಿದ ಮೇಲೆ ಬಾನೆಟ್ ಒಮ್ಮೆಲೇ ಮುಚ್ಚಬೇಡಿ. ಏರ್ ಕ್ಲೀನರ್ ಮೇಲೆ ಮೆತ್ತನೆ ಜೇಡಿಯ ಉಂಡೆ ಇಟ್ಟು ಮೆಲ್ಲಗೆ ಮುಚ್ಚಿ ತೆಗೆದು, ಎಷ್ಟು ಜಾಗ ಉಳಿದಿದೆ ನೋಡಿ. ಈ ಗ್ಯಾಸ್ಕೆಟ್‌ನಿಂದ ಚಳಿಯಲ್ಲಿ ಎಂಜಿನ್ ಬಿಸಿಯಾಗಲು ಹೆಚ್ಚು ಹೊತ್ತು ಬೇಕು. ಮಿಷಿಗನ್‌ನ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಆಗ ಹೇಗೂ ಈ ಕಾರು ಹೊರಗೆ ಬರುವುದಿಲ್ಲ.

ಅದೇ ಉಪ್ಪಿನ ದೆಸೆಯಿಂದ ಹಿಂದಿನ ಬ್ರೇಕ್ ಪೈಪ್ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿತ್ತು. 1,600 ಕಿಲೋ ಹತ್ತಿರದ ಕಾರಿಗೆ ಬಲ ಕೊಟ್ಟು ಬ್ರೇಕ್ ಕೊಡದಿದ್ದರೆ ಹೇಗೆ? ತಾಮ್ರ ನಿಕ್ಕಲ್ ಮಿಶ್ರಲೋಹದ ಪೈಪ್ ಎಳೆದು, ಎರಡೂ ತುದಿಗೆ ಡಬಲ್ ಫ್ಲೇರ್ ಮಾಡಿದೆ, ಅಂದರೆ ಲೀಕ್ ಆಗದಂತೆ ಅಂಚನ್ನು ಎರಡು ಮಡಿಕೆ ಅಗಲಿಸಿದೆ. ಮುಂದಿನ ಡ್ರಮ್ ತೆಗೆದು 11 ಇಂಚಿನ ಡಿಸ್ಕ್ ಹಾಕಿದೆ, ಅದಕ್ಕೆ ತಕ್ಕ ಮಾಸ್ಟರ್ ಸಿಲಿಂಡರ್, ಮುಂದೆ ಹಿಂದೆ ಬ್ರೇಕ್ ಒತ್ತಡ ಹೊಂದಿಸುವ ಕಾಂಬಿನೇಶನ್ ವಾಲ್ವ್ ಸಮೇತ. ಹೊಸ ಮಾಸ್ಟರ್ ಸಿಲಿಂಡರಿನ ಗಾಳಿಯನ್ನು ಬೆಂಚ್ ಮೇಲೇ ತೆಗೆದು ಆಮೇಲೆ ಕೂರಿಸಿದರೆ ಕೆಲಸ ಅರ್ಧ ಕಡಿಮೆ.

ಎಣ್ಣೆ ಬಗ್ಗೆ ಒಂದು ಮಾತು. ಈ ಕ್ಯಾಮ್ ಫ್ಲಾಟ್ ಟ್ಯಾಪೆಟ್‌ನದು, ಅಂದರೆ ರೋಲರ್ ಇಲ್ಲದೆ ಲೋಹ ಲೋಹಕ್ಕೆ ಉಜ್ಜುವಂಥದು. ಇದಕ್ಕೆ ಸತು, ರಂಜಕ ಹೆಚ್ಚಿರುವ ಎಣ್ಣೆ ಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲು ಇವತ್ತಿನ ಸಾಮಾನ್ಯ ಎಣ್ಣೆಗಳಲ್ಲಿ ಅವನ್ನು ಕಡಿಮೆ ಮಾಡಿದ್ದಾರೆ. ಹಳೆಯ ಕಾರುಗಳಿಗೆಂದೇ ಬರುವ ಎಣ್ಣೆಗೆ ದುಡ್ಡು ಜಾಸ್ತಿ, ಕ್ಯಾಮ್‌ಗೆ ಇನ್ನೂ ಜಾಸ್ತಿ.

ಈಗ ಮೈಲೇಜ್ ಗ್ಯಾಲನ್‌ಗೆ 14, ಲೀಟರಿಗೆ ಆರು ಕಿಲೋಮೀಟರ್ ಹತ್ತಿರ. ಸಿಗ್ನಲ್‌ನಲ್ಲಿ ಕಿಟಕಿ ಇಳಿಸಿಕೊಂಡು ಕೂರಬಹುದು. ಬೆರಳು ತಾಗಿಸಿದಷ್ಟಕ್ಕೇ ಎಂಜಿನ್ ಸ್ಟಾರ್ಟ್ ಆಗುತ್ತದೆ. ಕಾಲು ಭಾಗ ತುಳಿದರೂ ಸೀಟು ಬೆನ್ನನ್ನು ತಳ್ಳುತ್ತದೆ, ನನಗೆ ಬೇಕಿದ್ದದ್ದು ಇದೇ.

ಹೈವೇ ಒಂದು ಬಾಕಿ ಇದೆ. ಹಿಂದಿನ ಆಕ್ಸಲ್ 3.31, ಟೈರ್ 26 ಇಂಚು, ಓವರ್‌ಡ್ರೈವ್ (ಹೈವೇಯಲ್ಲಿ ಆರ್‌ಪಿಎಂ ಇಳಿಸುವ ಗೇರ್) ಇಲ್ಲ. 70 ಮೈಲಿ ವೇಗದಲ್ಲಿ ಎಂಜಿನ್ 3,000 ಆರ್‌ಪಿಎಂನಲ್ಲಿ ಕೂಗುತ್ತದೆ. ಜಿಎಂನ 200-4ಆರ್ ನಾಲ್ಕು ಗೇರಿನ ಆಟೊಮ್ಯಾಟಿಕ್ ಹಾಕಿದರೆ ಟಾಪ್ ಗೇರ್ 0.67, ಅದೇ ವೇಗಕ್ಕೆ 2,000 ಸಾಕು. ಆದರೆ ಆ ಗೇರ್‌ಬಾಕ್ಸ್‌ನ ಒಳಗಿನ ಒತ್ತಡ ಕಾರ್ಬುರೇಟರ್‌ನಿಂದ ಬರುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಮೇಲೆ ನಿಂತಿದೆ. ಹಾಲಿಯ ಲಿವರ್‌ಗೆ ಕೇಬಲ್ ಸಿಕ್ಕಿಸುವ ಜಾಗ ಸ್ವಲ್ಪ ಹೆಚ್ಚುಕಮ್ಮಿ ಆದರೂ ಒತ್ತಡ ಸಾಲದೆ ಕ್ಲಚ್ ಪ್ಲೇಟ್‌ಗಳು ಸುಟ್ಟುಹೋಗುತ್ತವೆ. ಸರಿಯಾದ ಕೋನದ ಬ್ರಾಕೆಟ್ ಮೊದಲು ತರಿಸಿ, ಅಳೆದು ನೋಡಿ, ಆಮೇಲೆ ಗೇರ್‌ಬಾಕ್ಸ್ ಹುಡುಕುತ್ತೇನೆ.